ಇ ಫಾರ್ ಯೆಗ್

ಹೊಸಪೇಟೆಯಿಂದ ಕೊಟ್ಟೂರಿಗೆ ಹೊರಟ ರೈಲು ಹಗರಿಬೊಮ್ಮನಹಳ್ಳಿಯಲ್ಲಿ ನಿಂತಾಗ ಬಸಣ್ಣ ಮೇಷ್ಟ್ರು ಹತ್ತಿದರು. ಕೂಡ್ಲಿಗಿ ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು. ನನ್ನ ಪೆಟ್ಟಿಗೆಗೆ ಅಂಟಿದ್ದ ವಿಮಾನದ ಚೀಟಿಯಲ್ಲಿ ಹೆಸರು ನೋಡಿ ಗುರುತು ಹಿಡಿದರು.

"ನೈಜೀರಿಯಾದಿಂದ ರಜಾಕ್ಕ ಬಂದೀಯೇನಪ್ಪಾ?"

"ಹೌದ್ರಿ ಸರ್" ಎಂದು ಸುಳ್ಳು ಹೇಳಿದೆ.

ಎರಡು ತಿಂಗಳ ಹಿಂದೆ ಅಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದ ತರಗತಿಗೆ ಶಾಲಾ ಇನ್ಸ್‌ಪೆಕ್ಟರ್ ಬಂದಿದ್ದ. ಮೊಟ್ಟೆಯ ಚಿತ್ರ ತೋರಿಸಿ ಇದೇನು ಎಂದು ಕೇಳಿದ. ನಲವತ್ತು ಮಕ್ಕಳು ಒಟ್ಟಿಗೆ "ಯೆಗ್" ಎಂದು ಕೂಗಿದರು. ಆನೆಗೆ "ಯೆಲಿಫೆಂಟ್" ಎಂದರು. ಮೊದಲಿಗೊಂದು ಯಕಾರ ಸೇರಿಸದೆ ನಮ್ಮ ಕಡೆಯವರಿಗೆ ಎಕಾರ ಬಾಯಿಂದ ಹೊರಡುವುದಿಲ್ಲ. ಮನೆಯಲ್ಲಿ ಹೌಸಾ ಭಾಷೆ ಆಡುವ ಆ ಮಕ್ಕಳ ನಾಲಿಗೆಯ ಮೇಲೆ ನಮ್ಮ ತಾಲ್ಲೂಕು ಕೂತಿದೆಯೆಂದು ನನಗೆ ಗೊತ್ತಾಗಿದ್ದು ಅವತ್ತೇ. ಇನ್ಸ್‌ಪೆಕ್ಟರ್ ನಗಲಿಲ್ಲ, ಬರೆದುಕೊಂಡ. ನನ್ನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಆರು ವರ್ಷದ ನೌಕರಿ ಒಂದು ಮೊಟ್ಟೆಯಿಂದ ಹೋಯಿತು.

ಇದನ್ನೆಲ್ಲ ಮೇಷ್ಟ್ರಿಗೆ ಹೇಳಿಬಿಡಬೇಕು, ಅವರಿಗೂ ನೋಯಲಿ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಎದುರು ಕೂತಿದ್ದ ಬಟ್ಟೆ ವ್ಯಾಪಾರಿಯ ಕಡೆ ತಿರುಗಿದ್ದರು.

"ಸಾಹೇಬ್ರ, ಇವ ನನ್ನ ಶಿಷ್ಯ ನೋಡ್ರಿ. ಫಾರಿನ್ನಾಗ ಇಂಗ್ಲಿಷ್ ಮೇಷ್ಟ್ರು ಅದಾನ. ಯೆಕ್ಸಲೆಂಟ್ ಹುಡುಗ! ಇವನ ಇಂಗ್ಲಿಷ್ ನಾ ಕಲಿಸಿದ್ದು."

ವ್ಯಾಪಾರಿ ನನ್ನ ಮುಖ ನೋಡಿದ.

"ಹೌದ್ರಿ" ಎಂದೆ, ಆದಷ್ಟು ಕಹಿಯಾಗಿ. "ನನ್ನ ಇಂಗ್ಲಿಷ್ ಅಷ್ಟೂ ಇವರದ ಐತಿ."

ಮೇಷ್ಟ್ರ ಕಣ್ಣು ತುಂಬಿ ಬಂತು. ನನ್ನ ಕೈ ಹಿಡಿದುಕೊಂಡವರು ಕೊಟ್ಟೂರು ಬರುವವರೆಗೂ ಬಿಡಲಿಲ್ಲ.