ಕಂದೀಲು ಹಿಡಿದು ವರ ನೋಡುತ್ತಿದ್ದ ಈರಮ್ಮತ್ತೆ

ಯಾರದೇ ಮುಖ ನೋಡುವ ಮೊದಲು ನಮ್ಮ ಈರಮ್ಮತ್ತೆ ಆ ಮುಖದ ಮೇಲೆ ಯಾವ ದೀಪದ ಬೆಳಕು ಬಿದ್ದಿದೆ ಅಂತ ನೋಡುತ್ತಿದ್ದಳು. "ಪಣತಿ ಮುಂದ ಕುಂತ್ರ ಎಲ್ಲಾರೂ ದೇವರಂಗ ಕಾಣ್ತಾರ. ಚಿಮಣಿ ಮುಂದ ಎಲ್ಲಾರೂ ಕಳ್ಳರು. ಗ್ಯಾಸಬತ್ತಿ ಮುಂದ ಎಲ್ಲಾರೂ ಹೆಣ. ಮನಷ್ಯಾ ಮನಷ್ಯಾನಂಗ ಕಾಣಬೇಕಂದ್ರ ಕಂದೀಲಾನ ಬೇಕು" ಅನ್ನುವುದು ಅವಳ ಶಾಸ್ತ್ರ.

ನಿನ್ನೆ ನನ್ನ ಮೊಮ್ಮಗಳ ನಿಶ್ಚಯ ಆಯಿತು. ಹೊಟ್ಟೆಯಲ್ಲಿ ಸಂತೋಷ ಹಿಡಿಸಲೊಲ್ಲದು. ಹುಡುಗ ಹುಡುಗಿ ಝಗಮಗ ಬಲ್ಬಿನ ಕೆಳಗೆ ಕೂತಿದ್ದನ್ನು ನೋಡಿ ಈರಮ್ಮತ್ತೆ ನೆನಪಾದಳು.

ಅವಳು ನಮ್ಮಪ್ಪನ ಅಕ್ಕ. ಗಂಡ ಸತ್ತ ಮೇಲೆ ನಾರಾಯಣಪೇಟೆಯ ನಮ್ಮ ಮನೆಗೆ ಬಂದವಳು ಮನೆಯ ದೀಪಗಳನ್ನೆಲ್ಲ ಕೈಗೆ ತೆಗೆದುಕೊಂಡಳು. ನೀಲಾಂಜನ ದೇವರಿಗೆ, ಚಿಮಣಿ ಅಡುಗೆಮನೆಗೆ, ಕಂದೀಲು ಬೀಗರಿಗೆ. ಒಂದರ ಕೆಲಸ ಇನ್ನೊಂದು ಮಾಡುವಂತಿಲ್ಲ. ಸಂಜೆ ದೀಪ ಹಚ್ಚಿದ ಕೂಡಲೇ ಯಾರೇ ಇರಲಿ ಕೈಮುಗಿದು "ದೀಪಕ್ಕ ಶರಣು" ಅನ್ನಬೇಕು.

ಅಪ್ಪ ಮುಂದಿನ ಪಡಸಾಲೆಯಲ್ಲಿ ಸೀರೆ ಮಾರುತ್ತಿದ್ದ. ದೊಡ್ಡ ಉಮೇದಿಯಿಂದ ಪಂಪು ಹೊಡೆದು ಹಚ್ಚುವ ಒಂದು ಗ್ಯಾಸಬತ್ತಿ ತಂದು ತೂಗುಹಾಕಿದ. ಮಕ್ತಲಿನಿಂದ ಬಂದ ಹೆಂಗಸೊಬ್ಬಳು ಅದರ ಬೆಳಕಿನಲ್ಲಿ ಕೆಂಪು ಅಂಚಿನ ಸೀರೆ ಆರಿಸಿಕೊಂಡು ಸೊಂಟದ ಚೀಲ ಬಿಚ್ಚುವಷ್ಟರಲ್ಲಿ ಅತ್ತೆ ಒಳಗಿನಿಂದ ಬಂದಳು. "ಯವ್ವಾ, ಈ ಬೆಳಕಿನ್ಯಾಗ ತಗೋಬ್ಯಾಡ. ನಾಳಿ ಹಗಲ ಬಾ. ಇದು ಕೆಂಪಲ್ಲ, ಬದನೀಕಾಯಿ ಬಣ್ಣ."

ಅಪ್ಪ ತಲೆ ತಲೆ ಬಡಿದುಕೊಂಡ. "ಅಕ್ಕಾ, ನೀ ನನ್ನ ಅಕ್ಕೋ, ಎದುರಿನ ದುಕಾನದಾಕಿನೋ?"

ನನಗೆ ವರ ನೋಡುವಾಗಲೂ ಇದೇ ಗೋಳು. ಮಕ್ತಲಿನ ವರನ ಮುಖಕ್ಕೆ ಕಂದೀಲು ಹಿಡಿದು, "ಮೂಗಿನ ನೆಳ್ಳು ಬಾಯಿ ದಾಟೇತಿ. ಇಂವ ಯಾರ ಮಾತೂ ಕೇಳಾಂವಲ್ಲ" ಅಂದಳು. ಉಟ್ಕೂರಿನವನು ಎಲ್ಲದರಲ್ಲೂ ಪಾಸಾಗಿ, ಹೊರಡುವಾಗ ಹೊಸ್ತಿಲಲ್ಲಿದ್ದ ಪಣತಿಯನ್ನು ಬಾಯಿಂದ ಊದಿಬಿಟ್ಟ. "ದೀಪ ಊದಿದಾಂವ ನಾಳಿ ಮನೀನೂ ಊದ್ತಾನ" ಅಂತ ಅತ್ತೆ ಒಳಗೆ ಹೋಗಿ ಕದ ಹಾಕಿಕೊಂಡಳು. ಅತ್ತೆ ಬೇಡ ಅಂದರೆ ಅಪ್ಪ ಹೂಂ ಅನ್ನುವವನಲ್ಲ. ನನ್ನ ಓರಗೆಯವರೆಲ್ಲ ಕೂಸು ಎತ್ತಿಕೊಂಡು ತವರಿಗೆ ಬರುತ್ತಿದ್ದರು. ಅವ್ವ ಮೂಲೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು. ನಿಜಾಮನ ರಾಜ್ಯ ಹೋಯಿತು, ಅದರ ಹಿಂದೆಯೇ ಪೇಟೆಯಿಂದ ಕಂದೀಲಿಗೆ ಹಾಕುವ ಗ್ಯಾಸಿನೆಣ್ಣೆಯೂ ಹೋಯಿತು. ಗದ್ವಾಲಿನ ಹುಡುಗನೊಬ್ಬ ಗದ್ದಲದ ದಿನಗಳಲ್ಲಿ ಹೊಳೆ ದಾಟಿ ಕರ್ನೂಲಿನ ನೆಂಟರ ಮನೆಯಲ್ಲಿದ್ದವನು ಊರಿಗೆ ಬಂದಿದ್ದ. ಅವನು ತನ್ನ ಸೋದರಮಾವನ ಜೊತೆ ಹೆಣ್ಣು ನೋಡಲು ಬರುತ್ತಾನೆ ಅಂತ ಗೊತ್ತಾಯಿತು. ಮುಸ್ಸಂಜೆ ಬಂಡಿಯಿಂದ ಇಳಿಯುವಾಗಲೇ ನಾನು ಕಿಟಕಿಯಿಂದ ನೋಡಿದೆ. ಎತ್ತಿನ ಬೆನ್ನು ಸವರಿ ಆಮೇಲೆ ಮನೆಯ ಕಡೆ ತಿರುಗಿದ. ಬೇರೆ ಏನೂ ನೋಡುವುದು ನನಗೆ ಬೇಕಾಗಲಿಲ್ಲ. ಇನ್ನು ಅತ್ತೆಯ ಕಂದೀಲಿಗೆ ಇವನ ಮೂಗು ಹೇಗೆ ಕಾಣುತ್ತದೋ!

ಅತ್ತೆ ಇದಕ್ಕೆಂದೇ ತಳದಲ್ಲಿ ಉಳಿಸಿದ್ದ ಎಣ್ಣೆ ಹಾಕಿ ಕಂದೀಲು ಹಚ್ಚಿ ತಂದಳು. ಹುಡುಗನ ಎದುರು ಎತ್ತಿ ಹಿಡಿದಳು, ನೋಡಿ, ಅಷ್ಟರಲ್ಲಿ ಅದು ಪಟ್ ಅಂತ ಹೋಗಿಬಿಟ್ಟಿತು! ಕಗ್ಗತ್ತಲೆ. "ಶಿವನೇ, ಅಪಶಕುನ!" ಅಂತ ಅವ್ವ ಚೀರಿದಳು. ಈ ಸಂಬಂಧವೂ ಹೋಯಿತು ಅಂದುಕೊಳ್ಳುತ್ತ ನಾನು ಕದದ ಸಂದಿಗೆ ಕಣ್ಣು ಹಚ್ಚಿದೆ.

ಕತ್ತಲಲ್ಲಿ ಟಿಕ್ ಅಂದಿತು. ಅತ್ತೆಯ ಮುಖದ ಮೇಲೆ ಬೆಳ್ಳನೆ ಬೆಳಕು ಬಿತ್ತು. ಹುಡುಗ ಕರ್ನೂಲಿನಿಂದ ತಂದ ಬ್ಯಾಟರಿ ಒತ್ತಿದ್ದ. ಜನ್ಮದ ರೂಢಿ ಬಿಡುತ್ತದೆಯೇ? ಅತ್ತೆ ಕಂದೀಲು ಕೆಳಗಿಟ್ಟು ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, "ದೀಪಕ್ಕ ಶರಣು" ಅಂದಳು.

ಹುಡುಗನ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪನೂ ನಕ್ಕ. "ಅಕ್ಕಾ, ಅದು ದೀಪಲ್ಲ, ಬ್ಯಾಟ್ರಿ!" ಅಪಶಕುನ ಅಂತ ಚೀರಿದ ಅವ್ವನೂ ಸೆರಗು ಬಾಯಿಗಿಟ್ಟು ನಕ್ಕಳು. ಅತ್ತೆಯ ಕೈಗಳು ಜೋಡಿಸಿದಂತೆಯೇ ನಿಂತುಬಿಟ್ಟವು. ಮನೆಯಲ್ಲಿ ಅವಳನ್ನು ನೋಡಿ ಯಾರೂ ಹಾಗೆ ನಕ್ಕಿದ್ದಿಲ್ಲ.

ಹುಡುಗ ಬ್ಯಾಟರಿಯನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ. ಬೆಳಕು ಜಂತಿಗೆ ಹೋಗಿ ಹರಡಿತು. ಅದಕ್ಕೆ ಕೈಮುಗಿದು, ಅತ್ತೆಯ ಕಡೆ ತಿರುಗಿ, "ಶರಣ್ರೀ ಅವ್ವಾರ" ಅಂದ. ಅವನ ಮಾವ ನಗು ನುಂಗಿ ಗಡಬಡಿಸಿ ತಾನೂ ಕೈಮುಗಿದ.

ಅತ್ತೆ ಕೂತಳು. "ಇದಕ್ಕ ಎಣ್ಣಿ ಎಲ್ಲಿ ಹಾಕ್ತೀರಿ?"

"ಎಣ್ಣಿ ಬೇಡ್ರಿ, ಸೆಲ್ ಹಾಕ್ತೀವಿ."

"ಉಪವಾಸದ ದೀಪ ಎಷ್ಟೊತ್ತು ಉರೀತೈತಿ? ಲಗೂನ ಹುಡುಗೀನ್ನ ಕರೀರಿ!"

ಜಂತಿಯ ಬೆಳಕಿನಲ್ಲಿ ಇವರಿಗೆ ನನ್ನ ಮೂಗು, ಮೂಗುತಿ ಬಿಟ್ಟರೆ ಏನೂ ಕಾಣಲಿಲ್ಲವಂತೆ. ಅಷ್ಟಕ್ಕೇ ಒಪ್ಪಿದರು. ಅತ್ತೆಯೂ ಒಪ್ಪಿದಳು. ಅಪ್ಪನಿಗೆ ನಂಬಿಕೆಯೇ ಬರಲಿಲ್ಲ, ಮೂರು ಸಲ ಕೇಳಿದ.

ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದಾಗ ಅತ್ತೆ ಹಾಸಿಗೆ ಹಿಡಿದಿದ್ದಳು. ಕೇಳಿಯೇಬಿಟ್ಟೆ: "ಅತ್ತೀ, ಅವತ್ತ ಅವರ ಮುಖಾನ ನಿನಗ ಕಾಣಲಿಲ್ಲ. ಹ್ಯಾಂಗ ಒಪ್ಪಿದಿ?"

"ನಿಮ್ಮಪ್ಪ ನಕ್ಕ, ನಿಮ್ಮವ್ವ ನಕ್ಕಳು. ಅಂವ ಒಬ್ಬಾಂವ ನಗಲಿಲ್ಲ. ಮುಖ ನೋಡಿ ಏನ ಮಾಡ್ಲಿ?" ಅಂದಳು. ಉಸಿರು ತೆಗೆದುಕೊಂಡು, "ಅಂವಗ ಹೇಳಬ್ಯಾಡ ಮತ್ತ! ಗಂಡಸರಿಗಿ ಹೊಗಳಿದ್ರ ಅನ್ನ ಕರಗಂಗಿಲ್ಲ. ಹೇಳಿದಿ ಅಂದ್ರ ಚಂದ ಬೈತೀನಿ ನೋಡು" ಅಂದಳು.

ನಾನು ಗದ್ವಾಲಿಗೆ ಮರಳಿದ ಮೇಲೆ ಅವಳು ಹೋದಳು. ಸುದ್ದಿ ಬರುವಷ್ಟರಲ್ಲಿ ಮಣ್ಣಾಗಿತ್ತು.

ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದೆ. ನಿನ್ನೆ ಸಂತೋಷದಲ್ಲಿ ತಡೆಯಲಾಗದೆ ಬೀಗರೆಲ್ಲರ ಎದುರು ಅತ್ತೆಯ ಆ ಮಾತು ಹೇಳಿಬಿಟ್ಟೆ. ನಮ್ಮ ಇವರು ಬೆಳಗಿನಿಂದ ಹೊಸ ಪಟಕಾ ತಲೆಗೆ ಸುತ್ತಿಕೊಂಡು ಅಂಗಳದಲ್ಲಿ ಸೆಟೆದು ಅಡ್ಡಾಡುತ್ತಿದ್ದಾರೆ, ಊಟಕ್ಕೆ ಕರೆದರೂ ಬರಲೊಲ್ಲರು. ನಾನು ನಗುತ್ತಾ ಹೊಸ್ತಿಲಲ್ಲಿ ಕೂತಿದ್ದೇನೆ. ನನ್ನನ್ನು ಬೈಯುವುದಕ್ಕೆ ಅತ್ತೆ ಇಲ್ಲ.