ಸೈಕಲ್ ಕ್ಯಾರಿಯರಿನ ಮೇಲೊಂದು ಕೀಬೋರ್ಡು

ಬೆಳಗಿನ ಐದೂವರೆ. ಹೊಸೂರು ರಸ್ತೆಯಲ್ಲಿ ಲಾರಿಗಳ ದೀಪ ಇನ್ನೂ ಆರಿಲ್ಲ. ಹೆಬ್ಬಗೋಡಿಯ ಇರಣ್ಣನ ಟೀ ಅಂಗಡಿಯ ಮುಂದೆ ಹಳೆಯ ಸೈಕಲ್ಲೊಂದು ಬಂದು ನಿಲ್ಲುತ್ತದೆ. ಹ್ಯಾಂಡಲಿಗೆ ಒಂದು ಕ್ಯಾನ್ವಾಸ್ ಚೀಲ. ಹಿಂದಿನ ಕ್ಯಾರಿಯರಿಗೆ ಹರಿದ ಟ್ಯೂಬಿನಿಂದ ಬಿಗಿದ ಕಂಪ್ಯೂಟರ್ ಕೀಬೋರ್ಡು. ಬರೀ ಕೀಬೋರ್ಡು, ಕಂಪ್ಯೂಟರ್ ಇಲ್ಲ.

"ಬಂದ್ರಪ್ಪಾ ಹಾರ್ಮೋನಿಯಂ ಮೇಷ್ಟ್ರು," ಎಂದು ಇರಣ್ಣ ಗ್ಲಾಸು ತೊಳೆಯುತ್ತಲೇ ರೇಗಿಸುತ್ತಾನೆ. "ಇವತ್ತು ಯಾವ ರಾಗ ಅಣ್ಣಾ?"

ಐವತ್ತೊಂದು ವರ್ಷದ ಗದಿಗೆಪ್ಪ ನಗುವುದಿಲ್ಲ. "ರಾತ್ರಿ ಎಷ್ಟೊತ್ತು ಕರೆಂಟ್ ಹೋಗಿತ್ತಪಾ?" ಎಂದು ಕೇಳುತ್ತಾರೆ. ಎರಡೂವರೆಯಿಂದ ಐದರ ತನಕ ಇರಲಿಲ್ಲ ಎಂಬ ಉತ್ತರ ಬರುತ್ತಲೇ ಅರ್ಧ ಟೀ ಬಿಟ್ಟು ಪೆಡಲ್ ತುಳಿಯುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದ ನಾನು ಸ್ಕೂಟರಿನಲ್ಲಿ ಅವರ ಹಿಂದೆ ಹೊರಡುತ್ತೇನೆ. ಅವರ ವೇಗಕ್ಕೆ ಸ್ಕೂಟರ್ ನಡೆಸುವುದು ಸುಲಭವಲ್ಲ, ಎರಡು ಸಲ ಇಂಜಿನ್ ನಿಂತುಹೋಗುತ್ತದೆ.

ಎಲೆಕ್ಟ್ರಾನಿಕ್ ಸಿಟಿಯಿಂದ ಜಿಗಣಿಯವರೆಗೆ ಹನ್ನೊಂದು ಕಡೆ ಗದಿಗೆಪ್ಪನವರು ಕೈಯಾರೆ ಕಟ್ಟಿದ ಪೆಟ್ಟಿಗೆಗಳಿವೆ. ಮೊದಲ ಪಾಳಿ ಶುರುವಾಗುವ ಮುನ್ನ ದಿನಕ್ಕೆ ನಾಲ್ಕನ್ನು ನೋಡುತ್ತಾರೆ. ರಾತ್ರಿ ಕರೆಂಟ್ ಹೋಗಿದ್ದರೆ ಆ ಭಾಗದ ಎಲ್ಲವನ್ನೂ ನೋಡುತ್ತಾರೆ. ಕಾವಲುಗಾರ ಬೀಗ ತೆಗೆಯುತ್ತಾನೆ, ಇವರು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ, ಪೆಟ್ಟಿಗೆಯ ಹಿಂದೆ ಎರಡು ಹಸಿರು ದೀಪ ಮಿಣುಕುತ್ತಿದ್ದರೆ ಅದರ ಮೇಲೆ ಒಮ್ಮೆ ಅಂಗೈ ಇಟ್ಟು ಬಿಸಿ ನೋಡಿ ಹೊರಗೆ ಬರುತ್ತಾರೆ. ಒಟ್ಟು ಮೂರು ನಿಮಿಷದ ಕೆಲಸ. ಕೀಬೋರ್ಡನ್ನು ಒಳಗೆ ಒಯ್ಯುತ್ತಾರೆ, ಹಾಗೆಯೇ ವಾಪಸ್ ತರುತ್ತಾರೆ. ಯಾಕೆ ಎಂದು ಕೇಳಿದರೆ, "ಆಮ್ಯಾಲ ಹೇಳ್ತೇನ್ರಿ," ಎನ್ನುತ್ತಾರೆ.

ಕಂಪ್ಯೂಟರ್ ವಿಷಯದಲ್ಲಿ ನಾನು ಶುದ್ಧ ದಡ್ಡ. ಆದ್ದರಿಂದ ನನಗೆ ಅರ್ಥವಾದಷ್ಟನ್ನೇ ಹೇಳುತ್ತೇನೆ. ಒಂದು ಕಟ್ಟಡದೊಳಗಿನ ಕಂಪ್ಯೂಟರುಗಳನ್ನೆಲ್ಲ ಹೊರಗಿನ ಟೆಲಿಫೋನ್ ಲೈನಿಗೆ ಜೋಡಿಸಿ, ಯಾವ ಮಾಹಿತಿ ಎತ್ತ ಹೋಗಬೇಕು ಎಂದು ದಾರಿ ತೋರಿಸುವ ಪೆಟ್ಟಿಗೆಗೆ ರೂಟರ್ ಎನ್ನುತ್ತಾರೆ. ವಿದೇಶದಿಂದ ತರಿಸಿದರೆ ನಾಲ್ಕೂವರೆ ಲಕ್ಷ ರೂಪಾಯಿ. ಗದಿಗೆಪ್ಪ ಅದನ್ನೇ ಹಳೆಯ 486 ಕಂಪ್ಯೂಟರಿನ ಬೋರ್ಡು, ಕಂಪ್ಯೂಟರುಗಳನ್ನು ಜೋಡಿಸುವ ಎರಡು ಸಾಧಾರಣ ಕಾರ್ಡು, ಒಂದು ಫ್ಲಾಪಿ ಇಟ್ಟು ಇಪ್ಪತ್ತೆಂಟು ಸಾವಿರಕ್ಕೆ ಕಟ್ಟಿಕೊಡುತ್ತಾರೆ. ಪರದೆ ಇಲ್ಲ, ಕೀಬೋರ್ಡು ಇಲ್ಲ, ಮೇಲೆ ಯಾವ ಹೆಸರೂ ಇಲ್ಲ. ಮೂಲೆಯಲ್ಲಿ ಕೂತು ತನ್ನ ಪಾಡಿಗೆ ದುಡಿಯುವ ತಗಡಿನ ಡಬ್ಬಿ ಅದು.

ರೋಣ ತಾಲ್ಲೂಕಿನ ಹಳ್ಳಿಯಿಂದ ಎಪ್ಪತ್ತೆರಡರಲ್ಲಿ ಪೀಣ್ಯಕ್ಕೆ ಬಂದ ಗದಿಗೆಪ್ಪ, ರೇಡಿಯೋ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಟೆಸ್ಟರ್ ಆಗಿದ್ದವರು. ಅಲ್ಲೊಂದು ಪದ್ಧತಿ ಇತ್ತು. ಪ್ರತಿ ಟೆಸ್ಟರಿಗೂ ಒಂದು ನಂಬರಿನ ರಬ್ಬರ್ ಸ್ಟ್ಯಾಂಪು. ರೇಡಿಯೋ ಪರೀಕ್ಷೆ ಮಾಡಿ ಮುಗಿಸಿದವನು ಮುಚ್ಚಳದ ಒಳಬದಿಗೆ ತನ್ನ ನಂಬರು ಒತ್ತಬೇಕು. ಕೊಂಡವರಿಗೆ ಅದು ಕಾಣುವುದಿಲ್ಲ. ಆದರೆ ಸೆಟ್ಟು ಕೆಟ್ಟು ವಾಪಸ್ ಬಂದ ದಿನ ಮುಚ್ಚಳ ತೆರೆದು, ನಂಬರು ನೋಡಿ, ಆ ಟೆಸ್ಟರನ್ನೇ ಕರೆಯುತ್ತಿದ್ದರು. ಇವರದು ಅರವತ್ತಮೂರು.

ಕಾರ್ಖಾನೆ ಮುಚ್ಚಿದಾಗ ಬೇರೆಯವರು ಪಾತ್ರೆ, ಮೇಜು, ಫ್ಯಾನು ಹೊತ್ತು ಹೋದರು. ಗದಿಗೆಪ್ಪ ತಂದದ್ದು ಆ ಸ್ಟ್ಯಾಂಪು ಒಂದನ್ನೇ. ಅವರ ಹೆಂಡತಿ ಶರಣಮ್ಮನಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. "ಮಂದಿ ಫ್ಯಾನ್ ತಂದ್ರ ಈ ಪುಣ್ಯಾತ್ಮ ಠಸ್ಸೆ ತಂದಾನ್ರಿ," ಎನ್ನುತ್ತಾ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾರೆ.

ಆಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಒಂದು ದಿನ ಅಲ್ಲಿನ ವಿದೇಶಿ ರೂಟರ್ ಸತ್ತುಹೋಯಿತು. ಬದಲಿ ಪೆಟ್ಟಿಗೆ ಬರಲು ಎರಡು ತಿಂಗಳು ಬೇಕು ಎಂಬ ಉತ್ತರ ಬಂತು. ಗದಿಗೆಪ್ಪ ಯಾರನ್ನೂ ಕೇಳದೆ ಸೀಲು ಒಡೆದು ಮುಚ್ಚಳ ತೆಗೆದರು.

"ಒಳಗ ನೋಡಿ ನನಗ ಮೊದ್ಲು ಸಿಟ್ಟ ಬಂತ್ರಿ," ಎನ್ನುತ್ತಾರೆ. "ದೇವರ ಪೆಟಗಿ ಇದ್ದಂಗ ಇಟ್ಟಿದ್ರು ಅದನ್ನ, ಮುಟ್ಟಾಕ ಬಿಡ್ತಿರ್ಲಿಲ್ಲ. ತಗದು ನೋಡಿದ್ರ ನಮ್ಮ ಕ್ಲಾರ್ಕ್ ಮೇಜಿನ ಕಂಪ್ಯೂಟರಿನಾಗ ಏನ್ ಐತಿ ಅದ ಐತಿ! ಅದ ಪ್ರೊಸೆಸರ್, ಅದ ಮೆಮೊರಿ. ಕೆಟ್ಟಿದ್ದು ಒಂದು ಕೆಪಾಸಿಟರ್ ರೀ. ಎಸ್.ಪಿ. ರೋಡಿನ ಬಿಡಿಭಾಗದ ಅಂಗಡ್ಯಾಗ ಮೂರು ರೂಪಾಯಿಗೆ ಸಿಕ್ತು."

ರೂಟರ್ ಮತ್ತೆ ನಡೆಯಿತು. ಸೀಲು ಒಡೆದ ತಪ್ಪಿಗೆ ಗದಿಗೆಪ್ಪನವರ ಕೆಲಸ ಹೋಯಿತು. ಅದೇ ಕಂಪನಿಯ ಇಂಜಿನಿಯರ್ ರುದ್ರೇಶ್ ಮಾತ್ರ ಸುಮ್ಮನಿರಲಿಲ್ಲ. ಸಾಧಾರಣ ಕಂಪ್ಯೂಟರನ್ನೂ ರೂಟರ್ ಮಾಡುವ ಉಚಿತ ತಂತ್ರಾಂಶವೊಂದನ್ನು ಫ್ಲಾಪಿಗೆ ಹಾಕಿ, ಇವರ ಬಾಡಿಗೆ ಕೋಣೆಗೇ ಬಂದು ಕಲಿಸಿದರು. "ಆ ಫ್ಲಾಪಿ ಒಳಗಿನ ಬುದ್ಧಿ ಅವರದು, ಡಬ್ಬಿ ಕೆಲಸ ನಂದು," ಎಂದು ಗದಿಗೆಪ್ಪ ಪ್ರತಿಸಲ ನೆನಪಿಸುತ್ತಾರೆ. ಪ್ರತಿ ಡಬ್ಬಿಯ ಮುಚ್ಚಳದ ಒಳಬದಿಗೆ ಅರವತ್ತಮೂರರ ಠಸ್ಸೆ ಬೀಳುತ್ತದೆ.

ಇನ್ನು ಕೀಬೋರ್ಡಿನ ಮಾತು. ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಿವೇದಿತಾ ಎಂಬ ದಾವಣಗೆರೆ ಕಡೆಯ ಮಹಿಳೆ ಒಂದು ಪುಟ್ಟ ಸಂಸ್ಥೆ ನಡೆಸುತ್ತಾರೆ. ಅಮೆರಿಕದ ವೈದ್ಯರು ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ಇಲ್ಲಿ ನಲವತ್ತೆರಡು ಹೆಣ್ಣುಮಕ್ಕಳು ಕೇಳಿಕೊಂಡು ಟೈಪ್ ಮಾಡುತ್ತಾರೆ. ಅಲ್ಲಿ ಬೆಳಗಾಗುವಷ್ಟರಲ್ಲಿ ಎಲ್ಲವೂ ವಾಪಸ್ ತಲುಪಬೇಕು. ವಿದೇಶಿ ರೂಟರ್ ಕೊಳ್ಳುವ ಶಕ್ತಿ ಇಲ್ಲದ ನಿವೇದಿತಾ ಗದಿಗೆಪ್ಪನವರ ಡಬ್ಬಿ ನಂಬಿಕೊಂಡೇ ಸಂಸ್ಥೆ ಶುರು ಮಾಡಿದವರು.

ಕಳೆದ ಜೂನಿನ ಒಂದು ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಕೂಡ ಬರಿದಾಯಿತು. ಬೆಳಿಗ್ಗೆ ಕರೆಂಟ್ ಬಂದರೂ ಡಬ್ಬಿ ಏಳಲಿಲ್ಲ. ಆರು ಗಂಟೆಗೆ ಬಂದ ಹೆಣ್ಣುಮಕ್ಕಳು ಹತ್ತರವರೆಗೆ ಕೈಕಟ್ಟಿ ಕೂತರು. ಗದಿಗೆಪ್ಪ ಓಡಿಬಂದು ಪರದೆ ಜೋಡಿಸಿದರೆ ಅದರಲ್ಲಿ ಒಂದೇ ಸಾಲು: ಕೀಬೋರ್ಡು ಇಲ್ಲ, ಮುಂದುವರಿಯಲು ಒಂದು ಕೀಲಿ ಒತ್ತಿ.

ಕಂಪ್ಯೂಟರ್ ಏಳುವಾಗ ಕೀಬೋರ್ಡು ಹುಡುಕುತ್ತದಂತೆ. ಇಲ್ಲದಿದ್ದರೂ ನಿಲ್ಲಬೇಡ ಎಂದು ಇವರು ಅದಕ್ಕೆ ಮೊದಲೇ ಹೇಳಿಟ್ಟಿರುತ್ತಾರೆ. ಆ ನೆನಪನ್ನು ಕಾಯುವುದು ಬೋರ್ಡಿನ ಮೇಲಿನ ರೂಪಾಯಿ ಅಗಲದ ಒಂದು ಸೆಲ್. ಹಳೆಯ ಬೋರ್ಡಿನ ಜೊತೆ ಬಂದಿದ್ದ ಹಳೆಯ ಸೆಲ್ಲನ್ನು ಗದಿಗೆಪ್ಪ ಬದಲಿಸಿರಲಿಲ್ಲ. ಅದು ಸತ್ತಿತ್ತು, ಬೋರ್ಡು ಎಲ್ಲ ಮರೆತಿತ್ತು. ಕೀಬೋರ್ಡು ಸಿಕ್ಕಿಸಿ ಒಂದು ಕೀಲಿ ಒತ್ತಿದ ಮೇಲೆಯೇ ಡಬ್ಬಿ ಎದ್ದಿತು.

"ಅವತ್ತಿನ ಕೆಲ್ಸ ಹೋತ್ರಿ. ನಲವತ್ತೆರಡು ಮಂದಿ ಅರ್ಧ ದಿನದ ಪಗಾರ ಹೋತು," ಎನ್ನುವಾಗ ಅವರು ನನ್ನ ಮುಖ ನೋಡುವುದಿಲ್ಲ. "ಯಾರೂ ನನಗ ಒಂದು ಮಾತ ಅನ್ಲಿಲ್ಲ. ಬೈದಿದ್ರ ಚಲೋ ಇತ್ತು. ರೇಡಿಯೋ ಫ್ಯಾಕ್ಟರಿಯಾಗ ಹೊಸಾ ಹುಡುಗನೂ ಅಂಥಾ ತಪ್ಪ ಮಾಡ್ತಿರ್ಲಿಲ್ಲ."

ಅಂದಿನಿಂದ ಹನ್ನೊಂದೂ ಡಬ್ಬಿಗಳಿಗೆ ವರ್ಷಕ್ಕೊಮ್ಮೆ ಹೊಸ ಸೆಲ್ ಎಂಬುದು ನಿಯಮ. ಹಾಕಿದ ತಾರೀಖು ಮುಚ್ಚಳದೊಳಗೆ, ಠಸ್ಸೆಯ ಪಕ್ಕ. "ನಮ್ಮನಿ ಸಾಸಿವಿ ಡಬ್ಬ್ಯಾಗ ಸಾಸಿವಿ ಇಲ್ರಿ, ಸೆಲ್ ಅದಾವ," ಎಂದು ಶರಣಮ್ಮ ದೂರುತ್ತಾರೆ. ಆ ಜೂನಿನ ನಂತರ ಒಂದು ಡಬ್ಬಿಯೂ ಕೀಬೋರ್ಡು ಕೇಳಿಲ್ಲ. ಆದರೂ ದಿನಾ ಬೆಳಿಗ್ಗೆ ಕೀಬೋರ್ಡು ಸೈಕಲ್ ಏರುತ್ತದೆ.

ಈ ಫೆಬ್ರವರಿಯಲ್ಲಿ ನಾನು ಗದಿಗೆಪ್ಪನವರ ಹಿಂದೆ ಅಲೆಯುತ್ತಿದ್ದಾಗಲೇ ನಿವೇದಿತಾ ಅವರಿಗೆ ಸುದ್ದಿ ಬರುತ್ತದೆ: ಅಮೆರಿಕದ ಆಸ್ಪತ್ರೆಯವರು ಯಂತ್ರದ ಕೋಣೆ ನೋಡಲು ಬರುತ್ತಿದ್ದಾರೆ, ಒಪ್ಪಿಗೆಯಾದರೆ ಮಾತ್ರ ಗುತ್ತಿಗೆ ಮುಂದುವರಿಯುತ್ತದೆ. ಆ ಆಸ್ಪತ್ರೆ ಬಿಟ್ಟರೆ ಸಂಸ್ಥೆಗೆ ಬೇರೆ ಗಿರಾಕಿಯಿಲ್ಲ. ಹೆಸರಿಲ್ಲದ ತಗಡಿನ ಡಬ್ಬಿ ನೋಡಿದರೆ ಅವರು ಬಾಗಿಲಿನಿಂದಲೇ ತಿರುಗಿ ಹೋಗುತ್ತಾರೆ ಎಂದು ಪರಿಚಯದವರೆಲ್ಲ ಹೆದರಿಸುತ್ತಾರೆ. ಅವರಲ್ಲೊಬ್ಬ ಉಪಾಯವನ್ನೂ ಹೇಳಿಕೊಟ್ಟಿದ್ದಾನೆ. ವಿದೇಶಿ ರೂಟರಿನ ಖಾಲಿ ಕವಚವೊಂದು ಗುಜರಿಯಲ್ಲಿದೆ, ಹೆಸರಿನ ಫಲಕವೂ ಅದರ ಮೇಲಿದೆ. ಒಳಗಿನ ಸಾಮಾನು ಅದಕ್ಕೆ ತುಂಬಿದರಾಯಿತು.

"ನಂಗೂ ಇಷ್ಟ ಇಲ್ಲ ಗದಿಗೆಪ್ಪನೋರೆ," ಎನ್ನುವ ನಿವೇದಿತಾರ ಕಣ್ಣಲ್ಲಿ ನಿದ್ದೆಯಿಲ್ಲ. "ಆದ್ರೆ ನಲವತ್ತೆರಡು ಮನೆ ಕಣ್ರೀ. ಬರೀ ಮುಚ್ಚಳ ತಾನೇ? ಒಂದಿನದ ಮಟ್ಟಿಗೆ."

ಒಂದು ಕ್ಷಣ ನನಗೂ, ಒಪ್ಪಿಕೊಳ್ಳಬಾರದೇ ಮಾರಾಯರೇ, ಯಾರಿಗೇನು ನಷ್ಟ ಅನ್ನಿಸುತ್ತದೆ. ಆ ಯೋಚನೆಗೆ ಈಗ ನಾಚಿಕೆಯಾಗುತ್ತದೆ.

"ಹಾಕಿಕೊಡ್ತೇನ್ರಿ ಅಮ್ಮಾ, ನೀವು ಹಾಕು ಅಂದ್ರ," ಎಂದು ಗದಿಗೆಪ್ಪ ಹೇಳುತ್ತಾರೆ. "ಆದ್ರ ಮ್ಯಾಲ ಬ್ಯಾರೆಯವ್ರ ಹೆಸರಿದ್ರ, ಅದು ನಿಂತ ದಿನ ನೀವು ಯಾರನ್ನ ಕರೀತೀರಿ?"

ನಿವೇದಿತಾ ಎದ್ದು ಕಿಟಕಿಯ ಹತ್ತಿರ ಹೋಗುತ್ತಾರೆ. "ಬೇಡ ಬಿಡಿ. ಇದ್ದದ್ದು ಇದ್ದ ಹಾಗೇ ಇರ್ಲಿ," ಎನ್ನುತ್ತಾರೆ.

ತಪಾಸಣೆಯ ದಿನ ನಾನೂ ಮೂಲೆಯಲ್ಲಿ ನಿಂತಿದ್ದೇನೆ. ಬಂದವರು ನರೆತ ಕೂದಲಿನ ಗಂಭೀರ ಹೆಂಗಸು, ಕೈಯಲ್ಲಿ ಅಚ್ಚು ಹಾಕಿದ ಪ್ರಶ್ನೆಪಟ್ಟಿ. ಡಬ್ಬಿಯನ್ನು ಸುತ್ತ ನೋಡಿ, ಇದೇನು ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ನಿವೇದಿತಾ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ, ಜೂನಿನ ಆ ಬೆಳಗಿನ ಕಥೆಯನ್ನೂ ಸೇರಿಸಿ. ಆಕೆ ಎಲ್ಲ ಕೇಳಿಸಿಕೊಂಡು, ಹಾಗಾದರೆ ಈಗಲೇ ಕರೆಂಟ್ ತೆಗೆದು ತೋರಿಸಿ ಎನ್ನುತ್ತಾರೆ.

ಪ್ಲಗ್ ಕೀಳುವವರು ಗದಿಗೆಪ್ಪನವರೇ. ಕೀಬೋರ್ಡು ಹೊರಗೆ ಸೈಕಲ್ ಮೇಲಿದೆ. ಇವತ್ತು ಬೇಕೆಂದೇ ಒಳಗೆ ತಂದಿಲ್ಲ. ಹಸಿರು ದೀಪಗಳು ಆರುತ್ತವೆ. ಪಕ್ಕದ ಹಜಾರದಲ್ಲಿ ಟೈಪಿನ ಸದ್ದು ನಿಲ್ಲುತ್ತದೆ. ಮೇಲ್ವಿಚಾರಕಿ ಹೇಮಲತಾ ಕಿವಿಯ ಹೆಡ್‌ಫೋನ್ ತೆಗೆದು ಬಾಗಿಲಿಗೆ ಬಂದು ನಿಲ್ಲುತ್ತಾರೆ, ಅವರ ಹಿಂದೆ ಒಬ್ಬೊಬ್ಬರೇ ಉಳಿದವರು. ಗದಿಗೆಪ್ಪ ಐದು ನಿಮಿಷ ಕಾದು ಪ್ಲಗ್ ಹಾಕುತ್ತಾರೆ. ಫ್ಲಾಪಿ ಕರಕರ ಎಂದು ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಒಂದು ನಿಮಿಷ ನಲವತ್ತು ಸೆಕೆಂಡು. ನನ್ನ ಗಡಿಯಾರದಲ್ಲಿ ನಾನೇ ನೋಡಿದ್ದೇನೆ, ಅಷ್ಟು ಉದ್ದದ ಸಮಯ ನನ್ನ ಜೀವನದಲ್ಲಿ ಹೆಚ್ಚು ಬಂದಿಲ್ಲ.

ಮೊದಲು ಒಂದು ದೀಪ, ಆಮೇಲೆ ಇನ್ನೊಂದು. ಬಾಗಿಲಲ್ಲಿ ಯಾರೋ "ಅಮ್ಮಾ!" ಎಂದು ಉಸಿರು ಬಿಡುತ್ತಾರೆ.

ತಪಾಸಣೆಗೆ ಬಂದಾಕೆ ಮುಚ್ಚಳ ತೆಗೆಸಿ, ಅರವತ್ತಮೂರರ ಠಸ್ಸೆಯನ್ನೂ ಸೆಲ್ಲಿನ ತಾರೀಖನ್ನೂ ಓದುತ್ತಾರೆ. ಅದು ಯಾರ ನಂಬರೆಂದು ವಿಚಾರಿಸುತ್ತಾರೆ. ಪಟ್ಟಿಯಲ್ಲಿ ತಯಾರಕರು ಎಂಬ ಸಾಲಿನ ಮುಂದೆ ಗದಿಗೆಪ್ಪ, ಹೆಬ್ಬಗೋಡಿ ಎಂದು ಬರೆದುಕೊಳ್ಳುತ್ತಾರೆ.

ಎರಡು ವಾರದ ನಂತರ ಪತ್ರ ಬರುತ್ತದೆ. ಗುತ್ತಿಗೆ ಒಂದು ವರ್ಷ ಮುಂದುವರಿದಿದೆ, ಆದರೆ ಷರತ್ತಿನ ಮೇಲೆ. ಆ ವರ್ಷದೊಳಗೆ ಹೆಸರಾಂತ ಕಂಪನಿಯ ರೂಟರ್ ತರಿಸಲೇಬೇಕು, ಅವರ ನಿಯಮ ಹಾಗಿದೆ. ನಲವತ್ತೆರಡು ಮಂದಿಯ ಕೆಲಸ ಉಳಿದಿದೆ, ಗದಿಗೆಪ್ಪನವರ ಡಬ್ಬಿ ಹೋಗಬೇಕಾಗಿದೆ. ಪತ್ರ ಓದಿ ಹೇಳುವಾಗ ನಿವೇದಿತಾ ಅತ್ತೇಬಿಟ್ಟರಂತೆ.

ಮರುದಿನ ಐದೂವರೆಗೆ ಇರಣ್ಣನ ಅಂಗಡಿಗೆ ಹೋದರೆ ಸೈಕಲ್ ಆಗಲೇ ನಿಂತಿದೆ, ಕೀಬೋರ್ಡಿನ ಸಮೇತ. ಇರಣ್ಣ ಇವತ್ತು ರೇಗಿಸುವುದಿಲ್ಲ. ಬೇಜಾರಾಯಿತೇ ಎಂದು ನಾನು ಕೇಳುತ್ತೇನೆ.

"ಆಗೂದಿಲ್ಲೇನ್ರಿ? ಆತು," ಎನ್ನುತ್ತಾರೆ ಗದಿಗೆಪ್ಪ. ಟೀ ಪೂರ್ತಿ ಕುಡಿದು, ಗ್ಲಾಸು ಇಟ್ಟು, ಟ್ಯೂಬಿನ ಗಂಟು ಬಿಗಿ ಮಾಡುತ್ತಾರೆ. "ಅಮ್ಮಾರಿಗೆ ಒಂದ ಮಾತ ಕೇಳೀನಿ. ದೊಡ್ಡ ಕಂಪನಿದು ಬರ್ಲಿ, ನಡೀಲಿ. ನಂದನ್ನ ಗುಜರಿಗೆ ಹಾಕಬ್ಯಾಡ್ರಿ, ಬಾಜೂಕ ಇಟ್ಟಿರ್ರಿ ಅಂದೀನಿ. ಎಂದರ ಒಂದಿನ ಅದು ನಿಂತ್ರ, ಎರಡು ತಿಂಗಳು ಆ ಹೆಣ್ಮಕ್ಕಳು ಕೈಕಟ್ಟಿ ಕುಂಡ್ರಬಾರದು. ನಂದು ಒಂದು ನಿಮಿಷ ನಲವತ್ತು ಸೆಕೆಂಡಿಗೆ ಏಳ್ತೈತ್ರಿ."