ಎಂಟನೇ ಚೌಕದ ತಾಯಿ

2022ರ ಮಳೆಗಾಲದಲ್ಲಿ ನಾನು ತೆಲಂಗಾಣದ ನಾರಾಯಣಖೇಡ ಭಾಗದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಹಿಳಾ ಆರೋಗ್ಯ ಮೇಲ್ವಿಚಾರಕಿಯಾಗಿದ್ದೆ. ಸೇವೆಗೆ ಸೇರಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಏಳು ಉಪಕೇಂದ್ರಗಳ ನರ್ಸುಗಳ ಕೆಲಸ ನೋಡುವುದು, ಗರ್ಭಿಣಿಯರ ಪಟ್ಟಿ ಪರಿಶೀಲಿಸುವುದು, ಅಪಾಯವಿದ್ದವರ ಮನೆಗೆ ಖುದ್ದಾಗಿ ಹೋಗುವುದು ನನ್ನ ಹೊಣೆ. ನಾನು ಜಹೀರಾಬಾದಿನವಳು. ಮನೆಯಲ್ಲಿ ಕನ್ನಡ, ದಫ್ತರದಲ್ಲಿ ತೆಲುಗು, ಬಜಾರಿನಲ್ಲಿ ಉರ್ದು. ಈ ಮೂರೂ ಬರುತ್ತಿದ್ದುದರಿಂದಲೇ ನಾನು ಈಗ ಹೇಳಲಿರುವ ಪ್ರಕರಣದಲ್ಲಿ ತಪ್ಪಿತಸ್ಥಳಾದೆ.

ಆ ವರ್ಷ ನಗರದ ಒಂದು ಸಂಸ್ಥೆ ತಾಯಂದಿರ ಆರೋಗ್ಯದ ಹೆಸರಿನಲ್ಲಿ ವೆಬ್‌ಕಾಮಿಕ್ ಎಂಬ ಚಿತ್ರಕತೆ ಮಾಡಿ ಮೊಬೈಲ್ ಗುಂಪುಗಳಿಗೆ ಕಳಿಸುವ ಕೆಲಸ ಹಿಡಿದಿತ್ತು. ವಾರಕ್ಕೊಂದು ಕತೆ, ಕತೆಗೆ ಎಂಟು ಚೌಕ. ಮಾತುಗಳೆಲ್ಲ ತೆಲುಗಿನಲ್ಲಿ. ನಮ್ಮ ಹಳ್ಳಿಗಳಿಗೆ ಬೀದರ ಕಡೆಯಿಂದ ಬಂದ ಸೊಸೆಯಂದಿರು ಓದಿದ್ದು ಕನ್ನಡ ಶಾಲೆಯಲ್ಲಿ. ಅವರಿಗಾಗಿ ಕನ್ನಡದಲ್ಲೂ ಬೇಕು, ನೀವು ಬರೆದುಕೊಡಿ ಎಂದು ಸಂಸ್ಥೆಯ ಸಂಯೋಜಕಿ ಕೇಳಿದರು. ಒಪ್ಪಿದೆ. ಪ್ರತಿ ಕತೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಕನ್ನಡ: ಪ್ರಮೀಳಾ’ ಎಂದು ಬರುತ್ತಿತ್ತು. ಮೊದಲ ಸಲ ನೋಡಿದಾಗ ಹಿಗ್ಗಿದ್ದೂ ನಿಜ.

ಚಿತ್ರಗಳು ಮಾತ್ರ ಮೊದಲ ದಿನದಿಂದಲೂ ನನಗೆ ಸೇರಲಿಲ್ಲ. ಎಲ್ಲರ ಕಣ್ಣೂ ಕೋಳಿಮೊಟ್ಟೆಯಷ್ಟು ದೊಡ್ಡವು. ಕಣ್ಣಂಚಿನಲ್ಲಿ ಒಂದು ಹನಿ ನೀರು, ಅದು ಎಂದೂ ಕೆಳಗೆ ಬೀಳುವುದಿಲ್ಲ. ಮೂಗಿನ ಜಾಗದಲ್ಲಿ ಎರಡು ಚುಕ್ಕೆ. ಮುದುಕಿಗೂ ಕೂಸಿಗೂ ಅದೇ ದುಂಡು ಕೆನ್ನೆ. ಹಳ್ಳಿಯೆಂದರೆ ಒಂದು ಹುಲ್ಲಿನ ಗುಡಿಸಲು, ಒಂದು ತೆಂಗಿನ ಮರ, ಒಂದು ಹೊಳೆ. ತಾಂಡೂರಿನ ಫರಸಿಕಲ್ಲಿನ ನೆಲದ ಮೇಲೆ ಮಲಗಿ ಏಳುವ ನಮ್ಮ ಜನ ಇದು ಯಾವ ದೇಶ ಎಂದು ಕೇಳಬೇಕಿತ್ತು. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎಲ್ಲದರ ಮೇಲೂ ಜೇನುತುಪ್ಪ ಸುರಿದಂತೆ ಒಂದು ಹಳದಿ ಬೆಳಕು. ಏಳು ಚೌಕ ಮುಗಿಯುವಷ್ಟರಲ್ಲಿ ಕತೆ ಸತ್ತಿರುತ್ತಿತ್ತು. ಎಂಟನೆಯದರಲ್ಲಿ ಯಾರೋ ಒಬ್ಬರು ಆಕಾಶ ನೋಡುತ್ತ ನಿಂತು ಉಪದೇಶ ಮಾಡುತ್ತಿದ್ದರು. ಪಾಕ ಹೆಚ್ಚಾದ ಜಿಲೇಬಿ ತಿಂದು ಕೈ ತೊಳೆಯಲು ನೀರು ಸಿಗದಿದ್ದರೆ ಹೇಗಿರುತ್ತದೋ ಹಾಗಾಗುತ್ತಿತ್ತು ನನಗೆ. ಆದರೂ ಬರೆದುಕೊಡುತ್ತ ಹೋದೆ.

ಜುಲೈ ತಿಂಗಳಲ್ಲಿ ಬಂದ ಕತೆಯಲ್ಲಿ ಮನೆಯಲ್ಲಿ ಆರು ಜನ, ಐದು ರೊಟ್ಟಿ. ತಾಯಿ ಐವರಿಗೂ ಬಡಿಸಿ ‘ನನಗೆ ಹಸಿವಿಲ್ಲ’ ಎನ್ನುತ್ತಾಳೆ. ಎಂಟನೇ ಚೌಕದಲ್ಲಿ ಅವಳ ಮುಖವೊಂದೇ ತುಂಬಿದೆ. ದುಂಡಗಿನ, ಬಿಳಿಯ, ಹೊಳೆಯುವ ಮುಖ. ತೆಲುಗು ಸಾಲನ್ನು ನಾನು ಕನ್ನಡದಲ್ಲಿ ಹೀಗೆ ಬರೆದೆ: ‘ಮಕ್ಕಳ ನಗು ಕಂಡ ತಾಯಿಗೆ ಹಸಿವೆಲ್ಲಿ? ಅವಳ ಉಪವಾಸವೇ ಮನೆಯ ಬೆಳಕು.’ ಬರೆಯುವಾಗ ನನ್ನ ಗಮನ ಇದ್ದದ್ದು ಸಾಲು ಕಿವಿಗೆ ಇಂಪಾಗಿದೆಯೋ ಇಲ್ಲವೋ ಎಂಬುದರ ಮೇಲೆ. ನಾನೊಬ್ಬ ಆರೋಗ್ಯ ಕಾರ್ಯಕರ್ತೆ, ಗರ್ಭಿಣಿಯರ ಕೈಗೆ ಹೋಗುವ ಕತೆಯಲ್ಲಿ ಉಪವಾಸವನ್ನು ಹೊಗಳುತ್ತಿದ್ದೇನೆ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಸೆಪ್ಟೆಂಬರಿನಲ್ಲಿ ಸಿರ್ಗಾಪುರ ಕಡೆಯ ಒಂದು ಹಳ್ಳಿಯ ಆಶಾ ಕಾರ್ಯಕರ್ತೆ ಸುವರ್ಣಾ ಫೋನ್ ಮಾಡಿದಳು. “ಮೇಡಂ, ಕುರುಬರ ಮನಿ ಮಾಳಮ್ಮ ಎರಡು ಸಲ ತಪಾಸಣಿಗಿ ಬಂದಿಲ್ಲರಿ. ಕೊಡ ಎತ್ತಿದ್ರ ಏದುಸಿರು ಬಿಡ್ತಾಳ. ನೀವ್ ಒಮ್ಮಿ ಬರ್ರಿ.” ಮಾಳಮ್ಮನಿಗೆ ಇಪ್ಪತ್ತೆರಡು ವರ್ಷ, ಎರಡನೇ ಬಸಿರು, ಏಳು ತಿಂಗಳು. ನಾಲ್ಕನೇ ತಿಂಗಳಿನ ಪರೀಕ್ಷೆಯಲ್ಲಿ ಆಕೆಯ ಹಿಮೋಗ್ಲೋಬಿನ್ 9.2 ಇತ್ತು. ಹಿಮೋಗ್ಲೋಬಿನ್ ಎಂದರೆ ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತು ಸಾಗುವ ಕೆಂಪು ಅಂಶ. ಗರ್ಭಿಣಿಗೆ ಹನ್ನೊಂದಾದರೂ ಇರಬೇಕು. ಏಳಕ್ಕಿಂತ ಕೆಳಗಿಳಿದರೆ ಅದು ತೀವ್ರ ರಕ್ತಹೀನತೆ. ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಅಂಥವಳ ಜೀವ ಉಳಿಸುವುದು ಕಷ್ಟ.

ಮರುದಿನ ಹನ್ನೊಂದು ಗಂಟೆಯ ಸುಮಾರಿಗೆ ಅವರ ಮನೆ ಮುಟ್ಟಿದೆ. ಗಂಡ ಕುರಿ ಹೊಡೆದುಕೊಂಡು ಬೊಮ್ರಾಸಪೇಟ್ ಕಡೆ ಹೋಗಿದ್ದ. ಅತ್ತೆ ಬೀರಮ್ಮ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮಾಳಮ್ಮ ಗೋಡೆಗೆ ಒರಗಿ ಕೂತಿದ್ದಳು. ತುಟಿಯ ಅಂಚಿನಲ್ಲಿ ಬಿಳಿ ಪುಡಿ. ಏನೆಂದು ಕೇಳಿದಾಗ ಸೆರಗಿನಿಂದ ಒರೆಸಿಕೊಂಡಳು. ಪಕ್ಕದಲ್ಲಿ ಮಗಳ ಪಾಟಿ ಇತ್ತು, ಬಳಪದ ಡಬ್ಬಿ ಖಾಲಿ. ರಕ್ತ ತೀರ ಕಡಿಮೆಯಾದವರಿಗೆ ಬಳಪ, ಮಣ್ಣು, ಹಸಿ ಅಕ್ಕಿ ತಿನ್ನುವ ಚಪಲ ಹುಟ್ಟುತ್ತದೆ. ಕಣ್ಣಿನ ಕೆಳರೆಪ್ಪೆ ಇಳಿಸಿ ನೋಡಿದೆ. ದಾಳಿಂಬೆಯಂತೆ ಇರಬೇಕಾದ ಜಾಗ ಕಾಗದದ ಹಾಗಿತ್ತು. ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು. ಬೆರಳು ಚುಚ್ಚಿ ನೋಡಿದಾಗ ಹಿಮೋಗ್ಲೋಬಿನ್ ಮೀಟರಿನಲ್ಲಿ ಬಂದ ಅಂಕಿ 6.1.

“ಮಾತ್ರಿ ನುಂಗಾಕತ್ತಿಯೇನು?” ಎಂದೆ.

“ಹೊಟ್ಟಿ ತೊಳಸ್ತದರಿ. ಬಿಟ್ಟೀನಿ.”

“ಅಂಗನವಾಡ್ಯಾಗ ಕೊಡೂ ತತ್ತಿ?”

“ಮಗಳಿಗಿ ತಿನಸ್ತೀನ್ರಿ.”

“ರೊಟ್ಟಿ ಎಷ್ಟು ಉಣ್ತಿ?”

ಅವಳು ನಕ್ಕಳು. ಅತ್ತೆಯೇ ಮಾತಾಡಿದಳು. “ನಾ ಉಣಬ್ಯಾಡ ಅಂದಿಲ್ಲರಿ ಬಾಯಾರ. ಎಷ್ಟ್ ಸಲ ಕರದ್ರೂ ಹಸಿವಿಲ್ಲ ಅಂತಾಳ. ಇಂಥಾ ಸೊಸಿ ಯಾರಿಗಿ ಸಿಗ್ತಾಳಂತ ನಾ ಓಣ್ಯಾಗೆಲ್ಲಾ ಹೇಳ್ಕೋತ ತಿರಗೀನಿ.”

ಆಗ ಮಾಳಮ್ಮ ಫೋನ್ ತೆಗೆದು ನನ್ನ ಮುಂದೆ ಹಿಡಿದಳು. ಐದು ರೊಟ್ಟಿಯ ಕತೆ. ಪರದೆಯ ಮೇಲೆ ಆ ಬಿಳಿಯ ದುಂಡು ಮುಖ, ಕೆಳಗೆ ನನ್ನ ಹೆಸರು.

“ನೀವೇ ಬರದೀರಿ ಅಲ್ಲರಿ?” ಎಂದಳು. ದೂರುವ ದನಿಯಲ್ಲ, ಮೆಚ್ಚುಗೆಯ ದನಿ. “ಭಾಳ ಛಂದ ಬರದೀರಿ. ಅದನ್ನ ಓದಿದ ಮ್ಯಾಲ ಹಸದ್ರ ನಂಗ ನಾಚಿಕಿ ಬರ್ತದ.”

ಇಪ್ಪತ್ತೊಂಬತ್ತು ವರ್ಷದಲ್ಲಿ ಮೇಲಧಿಕಾರಿಗಳಿಂದ ಬೈಸಿಕೊಂಡಿದ್ದೇನೆ, ಕುಡಿದ ಗಂಡಂದಿರಿಂದ ಬೈಸಿಕೊಂಡಿದ್ದೇನೆ. ಆ ಹುಡುಗಿಯ ಮೆಚ್ಚುಗೆಯಷ್ಟು ಯಾವುದೂ ನನ್ನನ್ನು ಕುಗ್ಗಿಸಿಲ್ಲ. ಪರದೆಯ ಮುಖವನ್ನೂ ಎದುರಿನ ಮುಖವನ್ನೂ ನೋಡಿದೆ. ಅದೇ ಬಿಳುಪು, ಅದೇ ಊದಿದ ಕೆನ್ನೆ, ರೆಪ್ಪೆಯ ಕೆಳಗೆ ಅದೇ ಉಬ್ಬು. ಚಿತ್ರಕಾರ ದೈವಿಕ ಕಳೆಯೆಂದು ಬಿಡಿಸಿದ್ದು ಒಂದು ರೋಗದ ಲಕ್ಷಣಗಳನ್ನು. ಮೂರು ತಿಂಗಳಿಂದ ಅಂಥ ಮುಖಗಳನ್ನು ವಾರವಾರವೂ ನೋಡಿ ಅವುಗಳ ಬಾಯಿಗೆ ಮಾತು ಹಾಕಿದ ನನಗೆ ಅದು ಕಂಡಿರಲಿಲ್ಲ. ಚಿತ್ರದ ಮೇಲೂ ನನ್ನ ಮೇಲೂ ಒಟ್ಟಿಗೇ ಹೇಸಿಗೆಯಾಯಿತು.

ಮಾತಿಗೆ ಸಮಯವಿರಲಿಲ್ಲ. ಆಂಬುಲೆನ್ಸ್ ಕರೆಸಿ ಅವಳನ್ನು ಜಹೀರಾಬಾದಿನ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಬೀರಮ್ಮ ಸೊಸೆಯ ಪಾದ ತಿಕ್ಕುತ್ತ ಕೂತಿದ್ದಳು. “ಹಸಿವಿಲ್ಲ ಅಂದ್ರ ನಂಬಿಬಿಟ್ಟೆನಲ್ರಿ” ಎಂದು ಒಂದೇ ಸಲ ಹೇಳಿದಳು. ಇಷ್ಟು ರಕ್ತಹೀನತೆಯಿದ್ದಾಗ ರಕ್ತವನ್ನೂ ಅವಸರದಲ್ಲಿ ಕೊಡುವಂತಿಲ್ಲ, ದಣಿದ ಹೃದಯ ಆ ಭಾರ ತಡೆಯುವುದಿಲ್ಲ. ಡಾಕ್ಟರು ಒಂದು ದಿನ ಬಿಟ್ಟು ಒಂದರಂತೆ ಎರಡು ಬಾಟಲಿ ರಕ್ತವನ್ನು ಹನಿಹನಿಯಾಗಿ ಏರಿಸಿದರು. ಮೂರನೇ ದಿನ ಗಂಡ ಬಂದು ಮುಟ್ಟಿದ. ರಕ್ತನಿಧಿಯಿಂದ ತಂದದ್ದಕ್ಕೆ ಬದಲಾಗಿ ಅವನು ತನ್ನ ರಕ್ತ ಕೊಟ್ಟ.

ಅದೇ ವಾರ ಜಹೀರಾಬಾದಿನಲ್ಲಿ ಸಂಸ್ಥೆಯ ಪರಿಶೀಲನಾ ಸಭೆಯಿತ್ತು. ಸಂಯೋಜಕಿ ಗೋಡೆಯ ಮೇಲೆ ಐದು ರೊಟ್ಟಿಯ ಕತೆಯನ್ನೇ ತೋರಿಸಿ, ಎಲ್ಲಕ್ಕಿಂತ ಹೆಚ್ಚು ಜನ ಹಂಚಿಕೊಂಡದ್ದು ಇದು ಎಂದರು. ಚಪ್ಪಾಳೆ ಬಿತ್ತು. ಅವರ ಪಕ್ಕದಲ್ಲಿ ಚಿತ್ರಕಾರ ಶ್ರೀಕಾಂತ್ ಕೂತಿದ್ದರು. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಚಹಾದ ಬಿಡುವಿನಲ್ಲಿ ನಾನು ಅವರ ಬಳಿ ಹೋಗಿ, “ಹತ್ತು ನಿಮಿಷ ನಡೆದು ಬರ್ತೀರಾ? ನಿಮ್ಮ ಚಿತ್ರ ಒಂದನ್ನ ತೋರಿಸಬೇಕು” ಎಂದೆ. ನಾವು ಮಾತಾಡಿದ್ದು ತೆಲುಗಿನಲ್ಲಿ.

ವಾರ್ಡಿನಲ್ಲಿ ಮಾಳಮ್ಮ ಮಲಗಿದ್ದಳು. ಎರಡನೇ ಬಾಟಲಿ ಅರ್ಧಕ್ಕೆ ಬಂದಿತ್ತು. ಶ್ರೀಕಾಂತ್ ಕಾಲಬುಡದಲ್ಲಿ ನಿಂತು ಬಹಳ ಹೊತ್ತು ಆ ಮುಖ ನೋಡಿದರು.

“ಗುರುತು ಸಿಕ್ಕಿತಾ?” ಎಂದೆ.

“ನಾನು ಬಿಡಿಸಿದ ಹಾಗೇ ಇದ್ದಾರೆ.”

“ಬೆಳಕು ಅಂತ ನೀವು ಹಚ್ಚಿದ ಬಣ್ಣಕ್ಕೆ ನಮ್ಮಲ್ಲಿ ರಕ್ತಹೀನತೆ ಅಂತಾರೆ. ಆ ದುಂಡು ಕೆನ್ನೆ ಬಾವು. ಎಂಟನೇ ಚೌಕದಲ್ಲಿ ನೀವು ನಿಲ್ಲಿಸಿದಿರಿ. ಒಂಬತ್ತನೇ ಚೌಕ ಇದು.”

ಹೊರಗೆ ಬಂದ ಮೇಲೆ ಅವರು ಮೆಟ್ಟಿಲ ಮೇಲೆ ಕೂತರು. ಆ ಮುಖವನ್ನು ಕಲ್ಪಿಸಿ ಬಿಡಿಸಿದ್ದಲ್ಲ ಎಂದರು. ಅದು ಅವರ ತಾಯಿಯದು. ತೀರಿಕೊಂಡು ಹದಿನೈದು ವರ್ಷವಾಗಿತ್ತು. ಯಾವ ಕಾಯಿಲೆಯೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಯಾವಾಗಲೂ ದಣಿದಿರುತ್ತಿದ್ದಳು ಎಂಬುದಷ್ಟೇ ನೆನಪು. “ಅಮ್ಮ ಊಟ ಮಾಡಿದ್ದನ್ನ ನಾನು ನೋಡಿದ ನೆನಪೇ ಇಲ್ಲ ಮೇಡಂ. ಅದನ್ನೇ ದೊಡ್ಡತನ ಅಂದುಕೊಂಡಿದ್ದೆ” ಎಂದರು. ಅವರನ್ನು ಬೈಯಬೇಕೆಂದು ಮಾಡಿಟ್ಟುಕೊಂಡಿದ್ದ ಮಾತುಗಳೆಲ್ಲ ನನ್ನ ಬಾಯಲ್ಲೇ ಉಳಿದವು. ಅವರು ಸಭೆಗೆ ವಾಪಸು ಬರಲಿಲ್ಲ. ತಿಂಗಳೊಳಗೆ ಆ ಕೆಲಸವನ್ನೂ ಬಿಟ್ಟರೆಂದು ಆಮೇಲೆ ತಿಳಿಯಿತು.

ಇಲ್ಲಿಗೆ ಮುಗಿದಿದ್ದರೆ ನನ್ನ ಹೇಸಿಗೆ ತುಸು ಇಳಿಯುತ್ತಿತ್ತೇನೋ. ಹತ್ತು ದಿನದ ನಂತರ ಸಂಯೋಜಕಿಯಿಂದ ಹೊಸ ಕತೆ ಬಂತು. ನಾಯಕಿ ಮಾಳಮ್ಮ. ವಾರ್ಡಿನ ವಿಷಯ ಯಾರಿಂದಲೋ ಅವರ ಕಿವಿಗೆ ಬಿದ್ದಿತ್ತು. ಬೇರೆ ಯಾರೋ ಬಿಡಿಸಿದ್ದರು, ಆದರೆ ಗೊತ್ತೇ ಆಗುತ್ತಿರಲಿಲ್ಲ. ಆ ಶೈಲಿಗೆ ಕೈ ಯಾರದಾದರೂ ನಡೆಯುತ್ತದೆ, ಮೊಟ್ಟೆ ಕಣ್ಣು, ಬೀಳದ ಹನಿ, ಹಳದಿ ಬೆಳಕು ಸೇರಿಸಿದರೆ ಮುಗಿಯಿತು. ಅದರಲ್ಲಿ ಮಾಳಮ್ಮ ಕುಸಿದು ಬೀಳುತ್ತಾಳೆ, ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಾಳೆ, ಆತ್ಮವಿಶ್ವಾಸದಿಂದ ಎದ್ದು ನಿಲ್ಲುತ್ತಾಳೆ. ಎಂಟನೇ ಚೌಕ: ‘ತಾಯಿ ಎಂದೂ ಸೋಲುವುದಿಲ್ಲ.’ ರಕ್ತದ ಬಾಟಲಿಯಿಲ್ಲ, ಸೂಜಿಯಿಲ್ಲ, ಪಾದ ತಿಕ್ಕಿದ ಅತ್ತೆಯಿಲ್ಲ, ರಕ್ತ ಕೊಟ್ಟ ಗಂಡನೂ ಇಲ್ಲ. ಅವಳ ಬಾಯಿಂದ ರೊಟ್ಟಿ ತಪ್ಪಿಸಿದವರೇ ಈಗ ಅವಳು ಬದುಕುಳಿದದ್ದನ್ನೂ ಉಪದೇಶಕ್ಕೆ ಬಳಸಿಕೊಳ್ಳಲು ಬಂದಿದ್ದರು. ಓದಿ ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟು ಕೈ ತೊಳೆದುಕೊಂಡು ಬಂದೆ.

ಕತೆ ಅವಳದಾದ್ದರಿಂದ ಅವಳಿಗೆ ತೋರಿಸುವುದು ನ್ಯಾಯ. ಮನೆಗೆ ಮರಳಿದ್ದ ಮಾಳಮ್ಮ ಚೌಕ ಚೌಕವಾಗಿ ನೋಡಿದಳು. “ಇದರಾಗ ನಂಗ ರಕ್ತ ಎಲ್ಲಿ ಹಾಕ್ಯಾರ್ರಿ?” ಎಂದು ಕೇಳಿದಳು. ಹಾಕಿಲ್ಲ ಎಂದೆ. ಫೋನನ್ನು ನನ್ನ ಕೈಗೆ ಕೊಟ್ಟು, “ಹಂಗಾದ್ರ ನಂದ್ ಬ್ಯಾಡ್ರಿ. ಬರಿಯೂದೇ ಆದ್ರ ನಾ ಉಣ್ಣೂದು ಬರೀರಿ” ಎಂದಳು.

ಅದನ್ನು ಹಾಗೆಯೇ ಸಂಯೋಜಕಿಗೆ ಫೋನಿನಲ್ಲಿ ತಿಳಿಸಿದೆ. ಅವರು ಸೌಮ್ಯವಾಗಿಯೇ ಹೇಳಿದರು: “ತಿನ್ನುತ್ತಿರುವ ಹೆಂಗಸು ಸ್ಫೂರ್ತಿ ಕೊಡುವುದಿಲ್ಲ ಮೇಡಂ. ನೋಡಲೂ ಚೆನ್ನಾಗಿರುವುದಿಲ್ಲ.”

ಅಂದೇ ಕೂತು ಪತ್ರ ಬರೆದೆ. ಮಾಳಮ್ಮನ ಕತೆಗೆ ಅವಳ ಒಪ್ಪಿಗೆಯಿಲ್ಲ, ನಾನು ಇನ್ನು ಮುಂದೆ ಯಾವ ಕತೆಗೂ ಕನ್ನಡ ಬರೆಯುವುದಿಲ್ಲ, ಐದು ರೊಟ್ಟಿಯ ಕತೆಯನ್ನು ಹಿಂತೆಗೆಯಬೇಕು, ಅದು ಗರ್ಭಿಣಿಯರಿಗೆ ಹಾನಿಕರ. ಆಕೆಯ ಎರಡು ಪರೀಕ್ಷೆಗಳ ಅಂಕಿಗಳನ್ನು ಹೆಸರಿಲ್ಲದೆ ಜೊತೆಗಿಟ್ಟೆ. ನಮ್ಮ ವೈದ್ಯಾಧಿಕಾರಿ ಓದಿ ತಾವೂ ಸಹಿ ಮಾಡಿದರು. ಮಾಳಮ್ಮನ ಕತೆ ಹೊರಬರಲಿಲ್ಲ. ಹಳೆಯ ಕತೆಯನ್ನು ಸಂಸ್ಥೆ ತನ್ನ ಪುಟದಿಂದ ತೆಗೆಯಿತು. ಜನರ ಫೋನುಗಳಿಂದ ತೆಗೆಯುವುದು ಯಾರ ಕೈಲೂ ಆಗುವ ಕೆಲಸವಲ್ಲ.

ಹಾಗಾಗಿ ನಾನು ಏಳೂ ಉಪಕೇಂದ್ರಗಳಿಗೆ ಹೋದೆ. ಗರ್ಭಿಣಿಯರ ತಪಾಸಣೆಯ ದಿನ ಅತ್ತೆಯಂದಿರನ್ನೂ ಕರೆಸಿದೆ. ಆ ಚಿತ್ರ ತೋರಿಸಿ, “ಈ ಮಾತು ನಾ ಬರದಿದ್ದು. ತಪ್ಪು ಬರದೀನಿ. ಈ ಚಿತ್ರದಾಗಿನ ಹೆಣ್ಮಗಳು ನಮ್ಮ ಕೇಂದ್ರಕ್ಕ ಬಂದಿದ್ರ ಅವತ್ತೇ ದವಾಖಾನಿಗಿ ಕಳಸ್ತಿದ್ದೆ” ಎಂದೆ. ಒಂದು ಊರಿನಲ್ಲಿ ಹಿಂದೆ ಕೂತಿದ್ದ ಒಬ್ಬ ಹೆಂಗಸು, “ಮತ್ತ ಇಷ್ಟ್ ದಿನ ಯಾಕ ಹಸಿವಿ ಇಲ್ಲಂತ ಬರದ್ರಿ?” ಎಂದಳು. ಬುದ್ಧಿ ಇರಲಿಲ್ಲ ಎಂದೆ. ಕೆಲವರು ನಕ್ಕರು, ಅವಳು ನಗಲಿಲ್ಲ.

ನವೆಂಬರ್ ಕೊನೆಯಲ್ಲಿ ಮಾಳಮ್ಮನಿಗೆ ದವಾಖಾನೆಯಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು, ಎರಡು ಕಿಲೋ ಮುನ್ನೂರು ಗ್ರಾಂ. ತೂಕ ಸ್ವಲ್ಪ ಕಡಿಮೆಯೇ, ಆದರೆ ಅಳು ಜೋರಾಗಿತ್ತು.

ನಾನೀಗ ನಿವೃತ್ತಳು. ಈ ಕೆಲಸ ನನಗೆ ಕಲಿಸಿದ್ದನ್ನು ಸುಲಭವಾಗಿಯೇ ಹೇಳಬಹುದು. ಯಾರನ್ನಾದರೂ ‘ತ್ಯಾಗಮಯಿ’ ಎಂದು ಹೊಗಳುವುದನ್ನು ಕೇಳಿದರೆ ಅವಳ ರಕ್ತ ಪರೀಕ್ಷೆ ಮಾಡಿಸಿ. ‘ಊಟ ಆಯ್ತಾ?’ ಎಂದು ಕೇಳಬೇಡಿ, ಎಲ್ಲರೂ ಆಯ್ತು ಎನ್ನುತ್ತಾರೆ. ಎಷ್ಟು ರೊಟ್ಟಿ ಎಂದು ಕೇಳಿ, ಅಂಕಿ ಹೇಳುವವರೆಗೂ ಅಲ್ಲಿಂದ ಏಳಬೇಡಿ.

ಹೆರಿಗೆಯ ನಂತರದ ಫೆಬ್ರವರಿಯಲ್ಲಿ, ಇನ್ನೂ ಸೇವೆಯಲ್ಲಿದ್ದಾಗ, ಕೂಸಿನ ಲಸಿಕೆಯ ಲೆಕ್ಕ ನೋಡಲು ಅವರ ಮನೆಗೆ ಹೋಗಿದ್ದೆ. ಮಧ್ಯಾಹ್ನ. ಬೀರಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದಳು. ನಾನು ಒಳಗೆ ಕಾಲಿಡಲು ಹೋದೆ. ಅವಳು ಕೈ ಅಡ್ಡ ಹಿಡಿದಳು.

“ಸೊಸಿ ಉಣ್ಣಾಕತ್ಯಾಳರಿ ಬಾಯಾರ. ಈಗ ಎಬ್ಬಸಬ್ಯಾಡ್ರಿ. ಹೊರಗ ಕುಂದ್ರಿ.”

ಕಟ್ಟೆಯ ಮೇಲೆ ಕೂತೆ. ಮಾಳಮ್ಮ ಅವಸರ ಮಾಡಲಿಲ್ಲ. ಅರ್ಧ ಗಂಟೆಯಾಯಿತು. ಮೂವತ್ತು ವರ್ಷದ ಸೇವೆಯಲ್ಲಿ ಎಷ್ಟೋ ಬಾಗಿಲುಗಳ ಮುಂದೆ ಕಾದಿದ್ದೇನೆ, ಅಷ್ಟು ಸಮಾಧಾನದಿಂದ ಎಲ್ಲೂ ಕಾದಿರಲಿಲ್ಲ.